ತೆಳು ಲ್ಯಾಪ್‌ಟಾಪ್: ಚೆಂದಕ್ಕೆ ಕೊಟ್ಟ ಹಣ ಎಲ್ಲಿ ಹೋಗುತ್ತದೆ?

ಮಾನ್ಯ ಸಂಪಾದಕರೇ,

ದುಬಾರಿ ಬೆಲೆಯ ಪುಟ್ಟ ಲ್ಯಾಪ್‌ಟಾಪ್‌ಗಳ ವಿಮರ್ಶೆ ಓದಿದಾಗಲೆಲ್ಲ ಕೊನೆಗೆ ಸಿಗುವ ತೀರ್ಪು ಒಂದೇ: ‘ನೋಡಲು ಚೆಂದ, ಬೆಲೆ ಸ್ವಲ್ಪ ಜಾಸ್ತಿ.’ ಕೊಳ್ಳಲು ಹೊರಟವರಿಗೆ ಇದರಿಂದ ಏನೂ ಗಿಟ್ಟುವುದಿಲ್ಲ. ಯಾವ ಚೆಂದಕ್ಕೆ ಹಣ ಹೋಗುತ್ತಿದೆ, ಅದಕ್ಕಾಗಿ ಒಳಗಿನಿಂದ ಏನನ್ನು ತೆಗೆದಿದ್ದಾರೆ ಎಂಬುದನ್ನು ಬಿಡಿಸಿ ಹೇಳಬೇಕು. ತೂಕ ಇಳಿದಿದ್ದರೆ, ಮೈ ಗಟ್ಟಿಯಿದ್ದರೆ, ಪರದೆ ಚೆನ್ನಾಗಿದ್ದರೆ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ಬಳಸುವಷ್ಟು ದಿನವೂ ಅದರ ಸುಖ ಸಿಗುತ್ತದೆ. ದಪ್ಪದಲ್ಲಿ ಉಳಿಸಿದ ಒಂದೆರಡು ಮಿಲಿಮೀಟರಿಗೆ ಕೊಡುವ ಹಣ ಮಾತ್ರ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

2008ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಕಚೇರಿಯ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದು ತೋರಿಸಿದರು. ತೂಕ 1.36 ಕೆ.ಜಿ.; ಸಿ.ಡಿ. ಡ್ರೈವ್ ಇಲ್ಲ, ಯುಎಸ್‌ಬಿ ಪೋರ್ಟ್ ಒಂದೇ, 2 ಜಿಬಿ ರ‍್ಯಾಮ್ (ತಾತ್ಕಾಲಿಕ ಸ್ಮರಣೆ) ಮದರ್‌ಬೋರ್ಡಿಗೇ ಬೆಸುಗೆ. 2011ರಲ್ಲಿ ಪ್ರೊಸೆಸರ್ ತಯಾರಿಸುವ ಇಂಟೆಲ್ ‘ಅಲ್ಟ್ರಾಬುಕ್’ ಎಂಬ ಹೆಸರು ಮುಂದಿಟ್ಟಾಗ ದಪ್ಪ 20 ಮಿ.ಮೀ.ಗಿಂತ ಕಡಿಮೆ ಇರಬೇಕು ಎಂದಿತು. ಅಲ್ಲಿಂದಾಚೆ ದಪ್ಪವೇ ಅಂದದ ಅಳತೆಯಾಗಿ ಕೂತಿದೆ. 15 ಮಿ.ಮೀ.ಗೂ 17 ಮಿ.ಮೀ.ಗೂ ಇರುವ ವ್ಯತ್ಯಾಸ ಬ್ಯಾಗಿಗೆ ಗೊತ್ತೇ ಆಗುವುದಿಲ್ಲ. 1.2 ಕೆ.ಜಿ.ಗೂ 1.6 ಕೆ.ಜಿ.ಗೂ ಇರುವ ವ್ಯತ್ಯಾಸ ಹೆಗಲಿಗೆ ಚೆನ್ನಾಗಿ ಗೊತ್ತಾಗುತ್ತದೆ. ಆ ಎರಡು ಮಿ.ಮೀ.ನಲ್ಲಿ ಫ್ಯಾನಿನ ಎತ್ತರ, ಬ್ಯಾಟರಿಯ ದಪ್ಪ, ಕೀ ಒತ್ತಿದಾಗ ಇಳಿಯುವ ಆಳ ಎಲ್ಲವೂ ಅಡಗಿವೆ. ಹಳೆಯ ಯುಎಸ್‌ಬಿ-ಎ ಪಿನ್ನಿನ ಎತ್ತರ 4.5 ಮಿ.ಮೀ., ಯುಎಸ್‌ಬಿ-ಸಿಯದು ಸುಮಾರು ಎರಡೂವರೆ. ಪೆನ್‌ಡ್ರೈವ್ ಚುಚ್ಚುವ ಜಾಗ ಮಾಯವಾದದ್ದು ಹೀಗೆ.

ಮಿಲಿಮೀಟರ್ ಉಳಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೆ 2015ರ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಬಂದ ‘ಬಟರ್‌ಫ್ಲೈ’ ಕೀಬೋರ್ಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೀ ಕೆಳಗಿನ ಆಧಾರ ಎಷ್ಟು ಗಿಡ್ಡವಿತ್ತೆಂದರೆ, ಒಂದು ಕಣ ಧೂಳು ಸಿಕ್ಕಿಕೊಂಡರೂ ಕೀ ಒತ್ತಿಕೊಳ್ಳುತ್ತಿರಲಿಲ್ಲ, ಇಲ್ಲವೇ ಒಂದೇ ಅಕ್ಷರ ಎರಡೆರಡು ಸಲ ಮೂಡುತ್ತಿತ್ತು. ಯಂತ್ರವನ್ನು 75 ಡಿಗ್ರಿ ಓರೆಯಾಗಿ ಹಿಡಿದು ಕ್ಯಾನಿನಿಂದ ಗಾಳಿ ಊದಿ ಎಂದು ಕಂಪನಿಯೇ ಸೂಚನೆ ಕೊಟ್ಟಿತ್ತು. ಕೀಬೋರ್ಡನ್ನು ಮೇಲುಕವಚಕ್ಕೆ ರಿವೆಟ್ ಹೊಡೆದು, ಅದೇ ಕವಚಕ್ಕೆ ಬ್ಯಾಟರಿಯನ್ನು ಅಂಟಿಸಿದ ಮಾದರಿಗಳಲ್ಲಂತೂ ಕೀಬೋರ್ಡ್ ಬದಲಿಸಬೇಕೆಂದರೆ ಕವಚ, ಬ್ಯಾಟರಿ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕಿತ್ತು. 2018ರಲ್ಲಿ ಉಚಿತ ದುರಸ್ತಿ ಘೋಷಿಸಿದ ಕಂಪನಿ, 2019ರ ಕೊನೆಯಿಂದ 2020ರ ಮಧ್ಯದೊಳಗೆ ಕೀ ಕೆಳಗೆ ಕತ್ತರಿಯಾಕಾರದ ಆಧಾರವಿರುವ ಹಳೆಯ ಮಾದರಿಗೇ ಮರಳಿತು. ದಿನವಿಡೀ ಟೈಪ್ ಮಾಡುವವರು ಕೀ ಆಳ 1.2ರಿಂದ 1.5 ಮಿ.ಮೀ. ಇದೆಯೇ ಎಂದು ನೋಡಿಯೇ ಕೊಳ್ಳಬೇಕು.

ಬಿಸಿಯ ಲೆಕ್ಕವೂ ಹೀಗೇ. ಪ್ರೊಸೆಸರಿನ ಹೆಸರು ಒಂದೇ ಇದ್ದರೂ ಒಂದು ಕಂಪನಿ ಅದನ್ನು 15 ವಾಟ್‌ನಲ್ಲಿ ಓಡಿಸುತ್ತದೆ, ಇನ್ನೊಂದು 28ರಲ್ಲಿ. ವಾಟ್ ಹೆಚ್ಚಿದಷ್ಟೂ ವೇಗವೂ ಹೆಚ್ಚು, ಬಿಸಿಯೂ ಹೆಚ್ಚು. ತೆಳು ಯಂತ್ರ ಮೊದಲ ಅರ್ಧ ನಿಮಿಷ ಪೂರ್ತಿ ವೇಗದಲ್ಲಿ ಓಡಿ, ಬಿಸಿ ಏರಿದಂತೆ ತಾನಾಗಿ ನಿಧಾನವಾಗುತ್ತದೆ. ವೇಗ ಪರೀಕ್ಷೆಯ ಒಂದೇ ಸುತ್ತಿನ ಅಂಕ ನೋಡಿ ಮೋಸ ಹೋಗುವುದು ಇಲ್ಲೇ. ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23 ತಂತ್ರಾಂಶದಲ್ಲಿ ಒಂದು ಸುತ್ತಿನ ಅಂಕವನ್ನೂ 10 ನಿಮಿಷ ಬಿಡದೆ ಓಡಿಸಿದ ಅಂಕವನ್ನೂ ಹೋಲಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ಹತ್ತನೇ ಒಂದು ಭಾಗ ಇಳಿದರೆ ಚಿಂತೆಯಿಲ್ಲ; ಮೂರನೇ ಒಂದು ಭಾಗ ಇಳಿದರೆ ದೊಡ್ಡ ಪ್ರೊಸೆಸರಿಗೆ ಕೊಟ್ಟ ಹೆಚ್ಚಿನ ಹಣ ನೀರುಪಾಲು. ಅಂಥ ಮೈಯಲ್ಲಿ ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರನ್ನೇ ತೆಗೆದುಕೊಂಡು, ಉಳಿದ ಹಣವನ್ನು ರ‍್ಯಾಮ್‌ಗೆ ಹಾಕುವುದು ಜಾಣತನ. ಫ್ಯಾನ್ ಇಲ್ಲದ ಯಂತ್ರಗಳು ಬರವಣಿಗೆ, ಬ್ರೌಸರ್, ವಿಡಿಯೊ ಕರೆಗೆ ಹೇಳಿ ಮಾಡಿಸಿದಂತಿವೆ. ಗಂಟೆಗಟ್ಟಲೆ ವಿಡಿಯೊ ಸಂಕಲನಕ್ಕೆ ಅಲ್ಲ.

ರ‍್ಯಾಮ್ ವಿಷಯವನ್ನು ಒತ್ತಿ ಹೇಳಲೇಬೇಕು. ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್ ಬಗೆಯ ರ‍್ಯಾಮನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತಾರೆ. ಬ್ಯಾಟರಿ ಬಾಳಿಕೆಗೆ ಅದು ಒಳ್ಳೆಯದೇ, ಆದರೆ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಆಪಲ್ ಸಹ 2024ರ ಅಕ್ಟೋಬರಿನಲ್ಲಿ ತನ್ನ ಮ್ಯಾಕ್‌ಗಳ ಕನಿಷ್ಠ ರ‍್ಯಾಮ್ ಅನ್ನು 8ರಿಂದ 16 ಜಿಬಿಗೆ ಏರಿಸಿತು. ಚೆಂದದ ಲೋಹದ ಮೈ ಮತ್ತು 8 ಜಿಬಿ ಒಂದು ಕಡೆ, ಸಾದಾ ಮೈ ಮತ್ತು 16 ಜಿಬಿ ಇನ್ನೊಂದು ಕಡೆ ಒಂದೇ ಬೆಲೆಗೆ ಸಿಕ್ಕರೆ, ಎರಡನೆಯದನ್ನೇ ಆರಿಸಿ. ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿ ವಿಷಯದಲ್ಲಿ ಇಷ್ಟು ಗಾಬರಿ ಬೇಡ: ಅದನ್ನು ಸಿಕ್ಕಿಸುವ ಎಂ.2 ಸ್ಲಾಟ್ ಇದ್ದರೆ ಆಮೇಲೂ ಬದಲಿಸಬಹುದು. 2280 ಎಂದರೆ 80 ಮಿ.ಮೀ. ಉದ್ದದ್ದು, 2230 ಎಂದರೆ 30 ಮಿ.ಮೀ.ನದು, ಯಾವುದಕ್ಕೆ ಜಾಗವಿದೆ ಎಂದು ಕೇಳಿಕೊಂಡರೆ ಸಾಕು.

ಬ್ಯಾಟರಿಗೆ ‘18 ಗಂಟೆ’ ಎಂಬ ಜಾಹೀರಾತಿನ ಮಾತು ಬಿಟ್ಟು ವಾಟ್-ಅವರ್, ಅಂದರೆ ಅದರಲ್ಲಿ ತುಂಬುವ ವಿದ್ಯುತ್ತಿನ ಅಳತೆ, ಕೇಳಬೇಕು. 54 ವಾಟ್-ಅವರ್ ಬ್ಯಾಟರಿ, ಸರಾಸರಿ 6 ವಾಟ್ ಬಳಕೆ ಎಂದರೆ 9 ಗಂಟೆ. ಅದೇ ಯಂತ್ರಕ್ಕೆ 3 ವಾಟ್ ಹೆಚ್ಚು ನುಂಗುವ 4ಕೆ ಪರದೆ ಹಾಕಿದರೆ 6 ಗಂಟೆ. 13.3 ಇಂಚಿನಲ್ಲಿ 1920×1200 ಪರದೆಯೇ ಇಂಚಿಗೆ 170 ಪಿಕ್ಸೆಲ್ ಕೊಡುತ್ತದೆ; 2560×1600 ಆದರೆ ಕನ್ನಡದ ಒತ್ತಕ್ಷರಗಳೂ ನುಣುಪಾಗಿ ಕಾಣುತ್ತವೆ. ಅದರಾಚೆಗೆ ಹಣ ಸುರಿಯುವ ಬದಲು ಬೆಳಕಿಗೆ ಕೊಡಿ: 300 ನಿಟ್ಸ್ ಪರದೆ ಕಿಟಕಿಯ ಪಕ್ಕ ಮಂಕಾಗುತ್ತದೆ, 400 ದಾಟಿದ್ದರೆ ಹಿತ.

ಬ್ಯಾಟರಿ ಸವೆಯುವ ವಸ್ತು. ಅದನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೋ ಅಂಟಿಸಿದ್ದಾರೋ ಎಂಬುದರ ಮೇಲೆ ನಾಲ್ಕೈದು ವರ್ಷದ ನಂತರದ ಖರ್ಚು ನಿಂತಿದೆ. ಸದಾ ಚಾರ್ಜಿಗೆ ಹಾಕಿಯೇ ಬಳಸುವವರು 80 ಪ್ರತಿಶತಕ್ಕೆ ಮಿತಿ ಇಟ್ಟುಕೊಳ್ಳಲಿ. ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗದಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆಯೇ ಎಂದು ಮೊದಲು ಅನುಮಾನಿಸಬೇಕು. ಆಗ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಇನ್ನು ಮೈ. ಮೆಗ್ನೀಸಿಯಂ ಮುಟ್ಟಿದರೆ ಪ್ಲಾಸ್ಟಿಕ್ಕಿನಂತಿರುತ್ತದೆ, ಅದಕ್ಕೇ ಅಂಗಡಿಯಲ್ಲಿ ಜನ ಅದನ್ನು ಅಗ್ಗದ್ದೆಂದು ತಳ್ಳಿಹಾಕುತ್ತಾರೆ. ನಿಜಕ್ಕೂ ಅದು ಅಲ್ಯುಮಿನಿಯಂಗಿಂತ ಮೂರನೇ ಒಂದು ಭಾಗದಷ್ಟು ಹಗುರ. ಮುಚ್ಚಳವನ್ನು ಒಂದು ಮೂಲೆ ಹಿಡಿದು ಮೆಲ್ಲಗೆ ತೆರೆಯಿರಿ. ಇನ್ನೊಂದು ಮೂಲೆ ಜೊತೆಯಲ್ಲೇ ಏಳಬೇಕು, ತಿರುಚಿಕೊಳ್ಳಬಾರದು. ಕೀಬೋರ್ಡಿನ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಅಗ್ಗದ ಯಂತ್ರಗಳಲ್ಲಿ ಹಿಂಜ್‌ನ (ಮುಚ್ಚಳದ ಕೀಲಿನ) ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಹಿತ್ತಾಳೆ ನಟ್ಟುಗಳಿಗೆ ಬಿಗಿದಿರುತ್ತವೆ; ಹಿಂಜ್ ಗಡುಸಾದಂತೆ ಆ ನಟ್ಟುಗಳು ಕಿತ್ತುಬಂದು ಮೂಲೆ ಸೀಳುತ್ತದೆ. ಲೋಹದ ಮೈಗೆ ಹೆಚ್ಚು ಹಣ ಕೊಡಲು ನಿಜವಾದ ಕಾರಣ ಹೊಳಪಲ್ಲ, ಈ ಹಿಂಜ್.

ಚೆಂದದ ಬೆಲೆ ಎಷ್ಟು ಎಂದು ತಿಳಿಯಲು ಸುಲಭ ದಾರಿಯಿದೆ. ಅದೇ ಕಂಪನಿಯ ಸಾದಾ ಮಾದರಿಯಲ್ಲಿ ಅದೇ ಪ್ರೊಸೆಸರ್, ಅಷ್ಟೇ ರ‍್ಯಾಮ್, ಅಷ್ಟೇ ಎಸ್‌ಎಸ್‌ಡಿ ಇರುವುದನ್ನು ಹುಡುಕಿ ಬೆಲೆ ಕಳೆಯಿರಿ. ಬಂದ ವ್ಯತ್ಯಾಸಕ್ಕೆ, ಮಾಯವಾದ ಪೋರ್ಟ್‌ಗಳ ಬದಲಿಗೆ ಹೊರಗಿನಿಂದ ಸಿಕ್ಕಿಸುವ ಹಬ್‌ನ ಬೆಲೆ ಸೇರಿಸಿ, ಬಳಸುವ ವರ್ಷಗಳಿಂದ ಭಾಗಿಸಿ. ಅಷ್ಟು ಹಣಕ್ಕೆ ಎಷ್ಟು ಗ್ರಾಂ ಇಳಿಯಿತು, ಎಷ್ಟು ವಾಟ್-ಅವರ್ ಸಿಕ್ಕಿತು, ಪರದೆ ಎಷ್ಟು ಮೇಲಾಯಿತು ಎಂದು ಪಕ್ಕದಲ್ಲಿ ಬರೆಯಿರಿ. ಮೂರೂ ಖಾಲಿ ಉಳಿದರೆ ಕೊಳ್ಳಬೇಡಿ. ಎಷ್ಟೋ ಸಲ ಹಿಂದಿನ ವರ್ಷದ ಮಾದರಿಗೂ ಇದೇ ಮೈ, ಇದೇ ಪರದೆ ಇರುತ್ತದೆ. ಬೆಲೆ ಮಾತ್ರ ಇಳಿದಿರುತ್ತದೆ.

ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಬೆಲೆಯ ಪಕ್ಕದಲ್ಲೇ ದುರಸ್ತಿ ಎಷ್ಟು ಸುಲಭ ಎಂಬುದಕ್ಕೆ 10ರಲ್ಲಿ ಇಷ್ಟು ಎಂದು ಅಂಕ ಹಾಕಬೇಕು. ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು ಎಂಬ ಐರೋಪ್ಯ ಒಕ್ಕೂಟದ ನಿಯಮ 2027ರ ಫೆಬ್ರುವರಿಯಿಂದ ಅನ್ವಯವಾಗಲಿದೆ. ನಮ್ಮ ವಿಮರ್ಶಕರು ಇಂಥ ಅಂಕ ಸಿಕ್ಕಲ್ಲಿ ಅದನ್ನು ಉಲ್ಲೇಖಿಸಲಿ. ಬೆಸೆದ ಭಾಗಗಳು ಯಾವುವು, 10 ನಿಮಿಷದ ನಂತರದ ವೇಗ ಎಷ್ಟು ಎಂಬುದನ್ನೂ ಅಚ್ಚು ಹಾಕಲಿ. ತೂಕ ಕೊಡುವಾಗ ಚಾರ್ಜರ್ ಸೇರಿಸಿಯೇ ಕೊಡಲಿ: 1.1 ಕೆ.ಜಿ. ಯಂತ್ರದ ಜೊತೆ 350 ಗ್ರಾಂ ಚಾರ್ಜರ್, 100 ಗ್ರಾಂ ಹಬ್ ಇದ್ದರೆ ಓದುಗರು ಹೊರಬೇಕಾದದ್ದು 1.55 ಕೆ.ಜಿ.

ಇಂತಿ,
ಪತ್ರಿಕೆಯ ಓದುಗ