ಮಗಳಿಗೊಂದು ಪತ್ರ: ಉದುರದ ಬೆರಳು

ಪುಟ್ಟಿ,

ಶನಿವಾರ ರಾತ್ರಿಯಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಸ್ಪೀಕರ್ ಆನ್ ಇದೆ, ಗೆಳತಿಯರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಿದ್ದರೆ ಹಾಗೆ ಕೂಗಾಡುತ್ತಿರಲಿಲ್ಲ. ಬೇಜಾರು ಮಾಡ್ಕೋಬೇಡ. ಆದರೆ ದನಿ ಇಳಿಸಿದರೂ ಮಾತು ಅದೇ: ನಿನ್ನ ಸಿನಿಮಾದಲ್ಲಿ ಆ ಕುಷ್ಠರೋಗದ ತಮಾಷೆ ಬೇಡ.

ನಿನ್ನ ಕಡಲ್ಗಳ್ಳರ ಗೊಂಬೆ ಸಿನಿಮಾ ಚೆನ್ನಾಗಿದೆ. ಬೆಲ್ಲದ ಡಬ್ಬಿಯನ್ನು ನಿಧಿ ಅಂದುಕೊಂಡು ಹೊತ್ತೊಯ್ಯುವ ಆ ಕ್ಯಾಪ್ಟನ್, ಅವನ ಉಣ್ಣೆಯ ಗಡ್ಡದೊಳಗೆ ನುಗ್ಗುವ ಇರುವೆ ಸಾಲು! ನಿಮ್ಮಪ್ಪ ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು. ಇದನ್ನು ಮೊದಲೇ ಹೇಳಬೇಕಿತ್ತು, ನೀನು ಫೋನಿಟ್ಟುಬಿಟ್ಟೆ.

ಆಮೇಲೆ ಆ ಎರಡನೇ ಹಡಗು. ‘ಇದು ಕುಷ್ಠರೋಗಿಗಳ ಹಡಗು’ ಅಂತಾನೆ ಒಬ್ಬ, ಕೈಕುಲುಕಿದರೆ ಬೆರಳುಗಳು ಕಳಚಿ ಬರುತ್ತವೆ. ಅದು ಎಲ್ಲಿಂದ ಬಂತು ಅಂತ ನನಗೂ ಗೊತ್ತು. ಗೊಂಬೆ ಸಿನಿಮಾ ಮಾಡುವ ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೋದವರ ‘ಪೈರೇಟ್ಸ್’ ಚಿತ್ರ ನಿನಗೆ ಬಾಯಿಪಾಠ. ಡಾರ್ವಿನ್ನು, ಡೋಡೋ ಹಕ್ಕಿ, ವಿಕ್ಟೋರಿಯಾ ರಾಣಿ, ಆ ಕಥೆ ಬಿಡು. ಅದರ ಟ್ರೈಲರ್‌ನಲ್ಲಿ ಇದೇ ಮಾತಿತ್ತು, ಕೈ ಉದುರುತ್ತಿತ್ತು. 2012ರ ಜನವರಿಯಲ್ಲಿ ಕುಷ್ಠರೋಗಿಗಳಿಗಾಗಿ ಕೆಲಸ ಮಾಡುವ ಲೆಪ್ರಾ ಅನ್ನುವ ಬ್ರಿಟಿಷ್ ಸಂಸ್ಥೆಯವರು ಪ್ರತಿಭಟಿಸಿದರು. ಆರ್ಡ್‌ಮನ್‌ನವರು ವಾದಕ್ಕೆ ಕೂರದೆ ಬದಲಾಯಿಸಿದರು. ಥಿಯೇಟರಿಗೆ ಬಂದಾಗ ಅದು ಪ್ಲೇಗಿನವರ ಹಡಗು. ಕೈ ಮಾತ್ರ ಉದುರುತ್ತಲೇ ಇದೆ. ಪ್ಲೇಗಿನವರ ಪರ ಕೇಳುವವರು ಯಾರೂ ಇರಲಿಲ್ಲವೇನೋ!

ಬೆರಳು ಉದುರುವುದಿಲ್ಲ ಕಣೇ. ರೋಗ ನರಕ್ಕೆ ತಗಲುತ್ತೆ, ಸ್ಪರ್ಶ ಹೋಗುತ್ತೆ. ಸುಟ್ಟರೂ ಕೊಯ್ದರೂ ತಿಳಿಯಲ್ಲ. ಗಾಯಕ್ಕೆ ಸೋಂಕಾಗಿ, ಅದು ಮೂಳೆಗಿಳಿದು, ವರ್ಷಗಟ್ಟಲೆ ಸವೆದು ಬೆರಳು ಮೋಟಾಗುತ್ತೆ. ನಾನು ಕುಷ್ಠರೋಗದ ಮನೆಮನೆ ಸರ್ವೆಗೆ ಹೋಗುತ್ತಿದ್ದ ಕಾಲದ ಒಬ್ಬ ಹೆಣ್ಣುಮಗಳ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಜೋಳದ ರೊಟ್ಟಿ ಬೇಯಿಸುತ್ತಾ ನನ್ನ ಜೊತೆ ಮಾತಾಡುತ್ತಿದ್ದಳು. ಹಂಚಿನ ಮೇಲೆ ಊರಿದ ಬೆರಳು ಹಾಗೇ ಇತ್ತು. ಸುಟ್ಟ ವಾಸನೆ ಬಂದಾಗ ಕಿರುಚಿದವಳು ನಾನು. ಅವಳು ನಕ್ಕಳು, ‘ನನಗೇನೂ ಆಗಂಗಿಲ್ರೀ ಅಕ್ಕಾರ’ ಅಂದಳು. ಮೊಣಕೈ ಹತ್ತಿರ ಬಿಳಿಚಿದ ಮಚ್ಚೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟುತ್ತಾ ಹೋದೆ. ಮಚ್ಚೆಯ ಸುತ್ತ ಮುಟ್ಟಿದಾಗೆಲ್ಲ ಸರಿಯಾಗಿ ಬೆರಳಿಟ್ಟು ತೋರಿಸಿದಳು. ಮಚ್ಚೆಯ ಮೇಲೆ ಮುಟ್ಟುತ್ತಿದ್ದರೆ, ‘ಯಾಕ ನಿಂತ್ರಿ, ಮುಟ್ರಿ’ ಅಂದಳು.

ಹನ್ನೆರಡು ತಿಂಗಳ ಮಾತ್ರೆ, ಒಂದು ಪೈಸೆ ಖರ್ಚಿಲ್ಲ, ವಾಸಿಯಾಯಿತು. ಚಿಕಿತ್ಸೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಆದರೂ ಅತ್ತೆ ಅವಳ ತಟ್ಟೆಯನ್ನು ದನದ ಕೊಟ್ಟಿಗೆಯ ಗೂಡಿನಲ್ಲೇ ಇಡುತ್ತಿದ್ದಳು. ಆ ಗೂಡನ್ನು ನಾನು ನೋಡಿದ್ದೇನೆ, ಪಕ್ಕದಲ್ಲಿ ಹಗ್ಗ, ಕುಡುಗೋಲು. ಒಂದು ಲೋಟವೂ ಇತ್ತು. ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ನಿನ್ನ ಹಡಗು ನೋಡುವಾಗ ನನಗೆ ಕಂಡದ್ದು ಆ ಗೂಡು. ಎಲ್ಲರೂ ನಗುತ್ತಿದ್ದರು, ನನಗೆ ಆಗಲಿಲ್ಲ.

ನೀನು ಕೇಳಿದೆ: ಮರದ ಕಾಲು, ಕೊಕ್ಕೆ ಕೈ, ಒಂದು ಕಣ್ಣಿನ ಪಟ್ಟಿ ಇಲ್ಲದೆ ಕಡಲ್ಗಳ್ಳ ಎಲ್ಲಿದ್ದಾನೆ, ಅದಕ್ಕೆಲ್ಲ ನೀನು ನಗಲ್ವಾ? ನಗುತ್ತೇನೆ. ಕೊಕ್ಕೆಯವನು ಹಡಗಿನಲ್ಲೇ ಇರುತ್ತಾನೆ, ಎಲ್ಲರ ಜೊತೆ ಉಣ್ಣುತ್ತಾನೆ. ಈ ರೋಗದ ಹೆಸರೆತ್ತಿದರೆ ಮಾತ್ರ ಜನ ದೂರ ಸರಿಯುತ್ತಾರೆ. ನಾಚಿಕೆಗೆ ಮಚ್ಚೆ ಮುಚ್ಚಿಟ್ಟುಕೊಂಡು, ಬೆರಳು ಮಡಚಿಕೊಂಡ ಮೇಲೆ ಆಸ್ಪತ್ರೆಗೆ ಬರುತ್ತಾರೆ. ದೇಶದ ಲೆಕ್ಕದಲ್ಲಿ 2005ರಲ್ಲೇ ಇದು ದೊಡ್ಡ ಸಮಸ್ಯೆಯಾಗಿ ಉಳಿದಿಲ್ಲ ಅಂತಾಯಿತು. ಆದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರೇ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಅಂತೀಯ. ಅಂಥ ಮನೆಯ ಮಂದಿಯೂ ನೋಡುತ್ತಾರಲ್ಲ? ಏನು ಮಾಡುವ ಮೊದಲೂ… ನೋಡು, ಭಾಷಣ ಶುರುವಾಯಿತು. ನಿಲ್ಲಿಸಿದೆ.

ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು, ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ನಿನ್ನ ಬೆನ್ನು ಹೇಗಾಗಿದೆ ಅಂತ ನನಗೆ ಗೊತ್ತು. ಎಲ್ಲ ಮತ್ತೆ ಶೂಟ್ ಮಾಡು ಅನ್ನುವಷ್ಟು ಕಟುಕಿಯಲ್ಲ. ಆ ಮಾತಿನ ದನಿಯನ್ನಷ್ಟೇ ಬದಲಾಯಿಸಿ ಸೇರಿಸು. ಬೆರಳು ಕಳಚಲಿ, ಕಾರಣ ಮೊಸಳೆಯಾಗಲಿ, ತೋಪಿನ ಗುಂಡಾಗಲಿ, ಸುಳ್ಳು ಹೇಳಿ ಅಂಟಿಸಿಕೊಂಡ ಮೇಣದ ಬೆರಳಾಗಲಿ. ಮೇಣದ್ದಾದರೆ ಇನ್ನೂ ನಗು ಬರುತ್ತೆ, ಯೋಚಿಸು. ಇಲ್ಲ ಅಂದರೆ ಇಲ್ಲ, ಸಿನಿಮಾ ನಿನ್ನದು. ಆದರೆ ಇಲ್ಲ ಅನ್ನುವುದನ್ನು ನನ್ನ ಜೊತೆ ಜಗಳ ಮಾಡಿಯೇ ಹೇಳು.

ಈ ಸೆಮಿಸ್ಟರಿನ ಫೀಸು ಸೋಮವಾರ ಹಾಕಿದ್ದೇನೆ, ಬಂದಿದೆಯಾ ನೋಡು. ರಸೀದಿಯನ್ನು ನಿಮ್ಮಪ್ಪನಿಗೆ ಕಳಿಸು, ನನಗೆ ಫೋನ್ ಮಾಡು.

ಅಮ್ಮ