ಬಾಣಂತಿಯರ ಹೊಟ್ಟೆಗೆ ಬಲ ತುಂಬಿದವರಿಗೆಲ್ಲ ಧನ್ಯವಾದ

ಹೆರಿಗೆಯ ನಂತರ ಹೊಟ್ಟೆಯ ಸ್ನಾಯು ಅಗಲಿದ ತಾಯಂದಿರಿಗಾಗಿ ಜಯನಗರದಲ್ಲಿ ನಡೆಸಿದ ಹನ್ನೆರಡು ವಾರಗಳ ವ್ಯಾಯಾಮ ಚಿಕಿತ್ಸೆ ಈ ವಾರ ಮುಗಿಯಿತು. ಬಂದ ತಾಯಂದಿರಿಗೂ ಅವರು ಬರುವಂತೆ ನೋಡಿಕೊಂಡ ಮನೆಯವರಿಗೂ ಫಿಸಿಯೋಥೆರಪಿ ತಂಡದ ಎಲ್ಲರ ಪರವಾಗಿ ಧನ್ಯವಾದ. ಯಾತಕ್ಕಾಗಿ ಅನ್ನುವುದನ್ನು ಬಿಡಿಸಿಯೇ ಹೇಳಬೇಕು. ನಾವು ಕಲಿಸಿದ್ದು ವಾರಕ್ಕೆ ಕೆಲವೇ ಗಂಟೆ, ಗುಣ ಕಂಡದ್ದು ಮನೆಯಲ್ಲಿ ನೀವು ಎದ್ದು, ಕೂತು, ಎತ್ತಿ, ಇಳಿಸಿದ ರೀತಿಯಿಂದ.

ಮೊದಲ ನಮಸ್ಕಾರ ಈ ತಾಯಂದಿರನ್ನು ಕಳಿಸಿಕೊಟ್ಟ ಹೆರಿಗೆ ಡಾಕ್ಟರುಗಳಿಗೆ, ಆಶಾ ಕಾರ್ಯಕರ್ತೆಯರಿಗೆ. "ಹೊಟ್ಟೆ ಇಳೀತಿಲ್ಲ" ಅಂದವರಿಗೆ ಊಟ ಕಡಿಮೆ ಮಾಡಿ ಎಂದು ಹೇಳಿ ಕಳಿಸದೆ, ಮಲಗಿಸಿ ಕೈಯಿಟ್ಟು ನೋಡಿದಿರಿ. ಮಂಡಿ ಮಡಚಿ ಅಂಗಾತ ಮಲಗಿ, ತಲೆ ಮತ್ತು ಭುಜ ತುಸುವೇ ಎತ್ತಿದಾಗ ಹೊಕ್ಕುಳಿನ ಮಟ್ಟದಲ್ಲಿ, ಅದರ ಮೇಲೆ, ಕೆಳಗೆ ಬೆರಳು ಅಡ್ಡವಿಟ್ಟು ನೋಡುವ ಪರೀಕ್ಷೆ ಅದು. ಎಡಬಲದ ಉದ್ದ ಸ್ನಾಯುಗಳ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಸಿಕ್ಕರೆ ಡಯಾಸ್ಟಾಸಿಸ್ ಅನ್ನುತ್ತೇವೆ. ಅಲ್ಲಿ ಸ್ನಾಯು ಹರಿದಿರುವುದಿಲ್ಲ, ಎರಡನ್ನೂ ಜೋಡಿಸುವ ಲಿನಿಯಾ ಆಲ್ಬಾ ಎಂಬ ಪಟ್ಟಿ ಹಿಗ್ಗಿ ತೆಳುವಾಗಿರುತ್ತದೆ. ನಾರ್ವೆಯಲ್ಲಿ 300 ಚೊಚ್ಚಲ ತಾಯಂದಿರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾದ ಆರು ವಾರಕ್ಕೆ ಶೇ. 60, ಒಂದು ವರ್ಷಕ್ಕೆ ಸುಮಾರು ಶೇ. 33 ಮಂದಿಗೆ ಈ ಅಂತರ ಉಳಿದಿತ್ತು. ಇಷ್ಟು ಸಾಮಾನ್ಯವಾದದ್ದಕ್ಕೆ ಯಾವ ತಾಯಿಯೂ ನಾಚಬೇಕಿಲ್ಲ.

ಇನ್ನು ತಾಯಂದಿರೇ, ನಿಮಗೆ. ನೋಡುವವರಿಗೆ ಸುಮ್ಮನೆ ಮಲಗಿದಂತೆ ಕಾಣುವ ಮೊದಲ ವಾರಗಳನ್ನು ಬೇಸರಿಸದೆ ಮಾಡಿದಿರಿ. ಕೂಸು ಮಲಗಿದ ಹತ್ತು ನಿಮಿಷದಲ್ಲಿ ಮಂಡಿ ಮಡಚಿ ಮಲಗಿ, ಒಂದು ಕೈ ಪಕ್ಕೆಲುಬಿನ ಮೇಲೆ, ಇನ್ನೊಂದು ಕೈಯ ಬೆರಳು ಸೊಂಟದ ಮೂಳೆಯ ತುಸು ಒಳಗೆ. ಮೂಗಿನಿಂದ ಉಸಿರೆಳೆದಾಗ ಪಕ್ಕೆ ಅಗಲಕ್ಕೆ ಹಿಗ್ಗಬೇಕು. ಉಸಿರು ನಿಧಾನ ಬಿಡುತ್ತ, ಮೂತ್ರ ತಡೆಯುವಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು, ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ತರಬೇಕು. ಪೂರ್ತಿ ಬಲ ಬೇಡ, ಮೂರರಲ್ಲೊಂದು ಪಾಲು ಸಾಕು. ಐದು ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಬಹಳ ಜನ ಇಲ್ಲೇ ತಪ್ಪುತ್ತಾರೆ: ಉಸಿರು ಕಟ್ಟಿ ಹೊಟ್ಟೆಯನ್ನು ಒಳಗೆ ಸೆಳೆದುಕೊಳ್ಳುತ್ತಾರೆ, ಇಲ್ಲವೇ ಪೃಷ್ಠ ಬಿಗಿಯುತ್ತಾರೆ. ಉಸಿರು ಕಟ್ಟಿದರೆ ಒಳಗಿನ ಒತ್ತಡ ಏರಿ ಸ್ನಾಯುಗಳ ನಡುವಿನ ಆ ಪಟ್ಟಿಯನ್ನು ಹೊರಕ್ಕೂ ಗರ್ಭಕೋಶವನ್ನು ಕೆಳಕ್ಕೂ ತಳ್ಳುತ್ತದೆ.

ಅಲ್ಲಿಂದ ಮುಂದೆ ಹಿಮ್ಮಡಿ ಜಾರಿಸುವುದು, ಒಂದೊಂದೇ ಕಾಲೆತ್ತುವುದು, ಸೊಂಟ ಎತ್ತುವ ಸೇತುಬಂಧ, ಅಂಬೆಗಾಲಿನಲ್ಲಿ ನಿಂತು ಬಲಗೈ ಜೊತೆ ಎಡಗಾಲು, ಎಡಗೈ ಜೊತೆ ಬಲಗಾಲು ಚಾಚುವುದು, ಕುರ್ಚಿಯಿಂದ ಎದ್ದು ಕೂರುವುದು. ಹತ್ತು ಸಲ ಮಾಡಿದಾಗ ನಡುಹೊಟ್ಟೆ ಉದ್ದಕ್ಕೂ ಗೂನಿನಂತೆ ಉಬ್ಬದಿದ್ದರೆ, ಮೂತ್ರ ಸೋರದಿದ್ದರೆ, ಉಸಿರು ಕಟ್ಟದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಉಬ್ಬು ಕಂಡ ಕೂಡಲೇ "ಮೇಡಂ, ನಾನು ಒಂದು ಹಿಂದಕ್ಕೆ ಹೋಗ್ತೀನಿ" ಎಂದು ನೀವಾಗಿಯೇ ಹೇಳಿದ ಆ ತಾಳ್ಮೆಗೆ ವಿಶೇಷ ಧನ್ಯವಾದ. ಕೆಮ್ಮಿದರೆ ಮೂತ್ರ ಸೋರುತ್ತದೆ ಎಂದು ಎಲ್ಲರ ಮುಂದೆ ಬಾಯಿಬಿಟ್ಟವರಿಗಂತೂ ಎಷ್ಟು ಹೇಳಿದರೂ ಕಡಿಮೆ. ನಿಮ್ಮಿಂದ ಉಳಿದವರಿಗೂ ಧೈರ್ಯ ಬಂತು.

ತಲೆ ಭುಜ ಎತ್ತುವ ಕ್ರಂಚ್ ಜನ್ಮದಲ್ಲೇ ಮಾಡಬಾರದು ಎಂದು ಕೇಳಿಕೊಂಡು ಬಂದವರು ಕೊನೆಯ ವಾರಗಳಲ್ಲಿ ನಮ್ಮನ್ನು ನಂಬಿ ಅದನ್ನೂ ಮಾಡಿದಿರಿ. ತಲೆ ಎತ್ತಿದಾಗ ಅಂತರ ಆ ಕ್ಷಣಕ್ಕೆ ಕಿರಿದಾಗುತ್ತದೆ. ಕಿಬ್ಬೊಟ್ಟೆಯನ್ನು ಒಳಕ್ಕೆ ತರುವ ಒಳಸ್ನಾಯುವನ್ನು ಮಾತ್ರ ಬಿಗಿದರೆ ಅಂತರ ತುಸು ಅಗಲವಾಗಬಹುದು, ಆದರೆ ಪಟ್ಟಿಗೆ ಬಿಗಿ ಬರುತ್ತದೆ. ಆದ್ದರಿಂದ ಒಳಸ್ನಾಯು ಹಿಡಿದು ಉಸಿರು ಬಿಡುತ್ತ ತಲೆ ಎತ್ತುವುದನ್ನು ಸರಿಯಾದ ಹಂತದಲ್ಲಿ ಸೇರಿಸುತ್ತೇವೆ. ಎಷ್ಟು ಬೆರಳು ಅನ್ನುವ ಲೆಕ್ಕಕ್ಕಿಂತ, ಒತ್ತಿದರೆ ಬೆರಳು ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದು ನಮಗೆ ಮುಖ್ಯ. ಒಂದೂವರೆ ಬೆರಳು ಉಳಿದರೂ ಪಟ್ಟಿ ಬಿಗಿಯಾಗಿದ್ದರೆ ಬೇಸರ ಬೇಡ.

ಬಾಣಂತನ ಮಾಡಿದ ಅಮ್ಮಂದಿರೇ, ಅತ್ತೆಯಂದಿರೇ, ಅಜ್ಜಿಯರೇ, ನಿಮಗೆ ಕೈಮುಗಿಯುತ್ತೇವೆ. ಹೊಟ್ಟೆ ಕಟ್ಟುವ ಪದ್ಧತಿಯನ್ನು ಬಿಡದೆ ಸ್ವಲ್ಪ ತಿದ್ದಿಕೊಂಡಿರಿ. ಹಳೇ ಕಾಟನ್ ಸೀರೆಯನ್ನು ಸೊಂಟದ ಮೂಳೆಯಿಂದ ಶುರುಮಾಡಿ ಮೇಲಕ್ಕೆ, ಒಳಗೆ ಎರಡು ಬೆರಳು ಸರಾಗವಾಗಿ ಹೋಗುವಷ್ಟು ಸಡಿಲವಾಗಿ ಕಟ್ಟಿದಿರಿ, ಊಟಕ್ಕೂ ಮಲಗುವಾಗಲೂ ಬಿಚ್ಚಿದಿರಿ. ಮೇಲಿಂದ ಬಿಗಿದು ಕಟ್ಟಿದರೆ ಭಾರವೆಲ್ಲ ಕೆಳಗಿನ ಸ್ನಾಯುಗಳ ಮೇಲೆ ಬೀಳುತ್ತದೆ. ಬಟ್ಟೆ ಆಸರೆ ಕೊಡುತ್ತದೆ, ಬಲ ಬರುವುದು ವ್ಯಾಯಾಮದಿಂದಲೇ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಎಂಬ ಮಾತನ್ನು ಪಕ್ಕಕ್ಕಿಟ್ಟು ನೀರು, ಸೊಪ್ಪಿನ ಸಾರು ಕೊಟ್ಟಿರಲ್ಲ, ಅದೂ ಚಿಕಿತ್ಸೆಯೇ. ಮಲಬದ್ಧತೆಯಾಗಿ ದಿನಾ ತಿಣುಕಿದರೆ ಬೆಳಗಿನ ವ್ಯಾಯಾಮದ ಫಲ ಅಲ್ಲೇ ಕರಗುತ್ತದೆ. ಹಾಸಿಗೆಯಿಂದ ನೇರ ಏಳಲು ಹೊರಟ ಮಗಳಿಗೆ "ಪಕ್ಕಕ್ಕೆ ಹೊರಳಿ, ಕೈ ಊರಿ ಏಳಮ್ಮ" ಎಂದು ರಾತ್ರಿಯೆಲ್ಲ ನೆನಪಿಸಿದವರೂ ನೀವೇ.

ಗಂಡಂದಿರಿಗೆ: 20 ಲೀಟರ್ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಒದ್ದೆ ಬಟ್ಟೆಯ ಬಕೆಟ್ಟು ಎತ್ತಿದಿರಿ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಅದೇನೂ ಸಣ್ಣ ಕೆಲಸವಲ್ಲ. ಮೊದಲ ಆರು ವಾರ, ಅದರಲ್ಲೂ ಸಿಸೇರಿಯನ್ ಆದವರು, ಕೂಸಿಗಿಂತ ಭಾರವಾದದ್ದನ್ನು ಎತ್ತಬಾರದು. ಈ ನಿಯಮ ಉಳಿದದ್ದು ನಿಮ್ಮಿಂದ.

ಹೊಕ್ಕುಳ ಬಳಿ ಗಂಟು ಕಂಡವರನ್ನು ತಡಮಾಡದೆ ನೋಡಿದ ಸರ್ಜನ್‌ಗಳಿಗೂ ಋಣಿಗಳು. ಗಂಟು ಗಟ್ಟಿಯಾಗಿ, ಒತ್ತಿದರೂ ಒಳಗೆ ಹೋಗದೆ, ನೋವು ವಾಂತಿ ಬಂದರೆ ವ್ಯಾಯಾಮ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

26 ವಾರಗಳ ರಜೆ ಮುಗಿಸಿ ಕೆಲಸಕ್ಕೆ ಮರಳುವವರು ವಾರಕ್ಕೆ ಮೂರು ದಿನವಾದರೂ ಮುಂದುವರಿಸಿ. ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ ಇರುತ್ತದೆ, ಸಡಿಲ ಬಟ್ಟೆ ಹಾಕಿಕೊಂಡು, ಮೂತ್ರ ಮಾಡಿ ಬನ್ನಿ. ಕೂಸನ್ನೂ ಕರೆತನ್ನಿ. ಪಕ್ಕದ ಕೋಣೆಯಲ್ಲಿ ಇಷ್ಟು ದಿನ ಅವುಗಳನ್ನು ಆಡಿಸಿದ ಅಜ್ಜಿಯರು ಆಗಲೂ ಬರುತ್ತೇವೆ ಎಂದು ಒಪ್ಪಿದ್ದಾರೆ.