ಎರಡನೆಯದಕ್ಕೂ ಕಿವಿಗೊಡಿ

ಸಂಪಾದಕರೇ,

ತೊಂಬತ್ತರ ದಶಕದ ಪಾಶ್ಚಾತ್ಯ ಸಂಗೀತದ ಬಗ್ಗೆ ಬರೆಯುವಾಗ ನಮ್ಮ ಪುರವಣಿಗಳು ಬ್ರಿಟನ್ನಿನ ಪೋರ್ಟಿಸ್‌ಹೆಡ್ ತಂಡದ ‘ಡಮ್ಮಿ’ಯನ್ನು ಹೊಗಳಿ ಅಲ್ಲಿಗೇ ನಿಂತುಬಿಡುತ್ತವೆ. 1994ರ ಆ ಚೊಚ್ಚಲ ಆಲ್ಬಮ್ ಮರುವರ್ಷ ಬ್ರಿಟನ್ನಿನ ವರ್ಷದ ಆಲ್ಬಮ್ಮಿಗೆ ಸಲ್ಲುವ ಮರ್ಕ್ಯುರಿ ಪ್ರಶಸ್ತಿ ಪಡೆಯಿತು, ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ 1997ರ ಸೆಪ್ಟೆಂಬರಿನಲ್ಲಿ ತಂಡದ ಹೆಸರನ್ನೇ ಹೊತ್ತು ಬಂದ ಎರಡನೆಯ ಆಲ್ಬಮ್ಮನ್ನು ಮೊದಲನೆಯದರ ನೆರಳೆಂದು ಬದಿಗಿಡುವುದು ಅನ್ಯಾಯ. ಕಸುಬಿನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು.

‘ಡಮ್ಮಿ’ಯ ಹೆಸರಾಂತ ಹಾಡುಗಳು ಎರವಲು ತುಣುಕುಗಳ, ಅಂದರೆ ಬೇರೆಯವರ ತಟ್ಟೆಗಳಿಂದ ಎತ್ತಿಕೊಂಡ ಸ್ಯಾಂಪಲ್‌ಗಳ ಮೇಲೆ ನಿಂತಿವೆ. ‘ಸವರ್ ಟೈಮ್ಸ್’ಗೆ ಸಂಗೀತ ಸಂಯೋಜಕ ಲಾಲೊ ಷಿಫ್ರಿನ್‌ರದು, ‘ಗ್ಲೋರಿ ಬಾಕ್ಸ್’ಗೆ ಗಾಯಕ ಐಸಾಕ್ ಹೇಯ್ಸ್‌ರದು. ಹೇಯ್ಸ್‌ರ ಅದೇ ತುಣುಕನ್ನು ಗಾಯಕ ಟ್ರಿಕಿ ಕೂಡ ಬಳಸಿದರು. ಎರಡನೆಯ ಆಲ್ಬಮ್ಮಿಗೆ ಬಂದಾಗ ತಂಡದ ಜೆಫ್ ಬ್ಯಾರೊ ಮತ್ತು ಏಡ್ರಿಯನ್ ಅಟ್ಲಿ ಈ ದಾರಿಯನ್ನು ಬಹುಮಟ್ಟಿಗೆ ಬಿಟ್ಟರು. ಡ್ರಮ್, ಬಾಸ್, ತಂತಿವಾದ್ಯ, ಬ್ರಾಸ್ (ತುತ್ತೂರಿಯಂಥ ಹಿತ್ತಾಳೆ ವಾದ್ಯ) ಎಲ್ಲವನ್ನೂ ಹೊಸದಾಗಿ ನುಡಿಸಿ ಮುದ್ರಿಸಿ, ಅದನ್ನು ಗ್ರಾಮಫೋನ್ ತಟ್ಟೆಗೆ ಕೊರೆಸಿ, ಆ ತಟ್ಟೆಯಿಂದ ತಮ್ಮದೇ ನುಡಿಸಾಣಿಕೆಯನ್ನು ಸ್ಯಾಂಪಲ್ ಮಾಡಿಕೊಂಡರು. ಈ ಉಪಾಯ ‘ಡಮ್ಮಿ’ಯಲ್ಲೂ ಅಲ್ಲಲ್ಲಿ ಇತ್ತು, ಇಲ್ಲಿ ಅದೇ ಅಡಿಪಾಯವಾಯಿತು. ‘ಓನ್ಲಿ ಯು’ ಹಾಡಿನಲ್ಲಿ ಅಮೆರಿಕದ ಹಿಪ್‌ಹಾಪ್ ತಂಡ ಫಾರ್‌ಸೈಡ್‌ನ ತುಣುಕು ಉಳಿದಿದೆ. ‘ವೆಸ್ಟರ್ನ್ ಐಸ್’ ಮುಗಿಯುವಾಗ ತೇಲಿಬರುವ ಹಳೇಕಾಲದ ಗಾಯನವೂ ಯಾವ ಹಳೆಯ ತಟ್ಟೆಯದಲ್ಲ, ಆ ಹಾಡಿಗೆಂದೇ ಹೊಸದಾಗಿ ಹಾಡಿಸಿದ್ದು.

ಇಷ್ಟು ಸುತ್ತುಬಳಸು ಯಾಕೆ? ಬಾಸ್‌ನ ತಗ್ಗು ಸದ್ದು ಎಡ ಸ್ಪೀಕರಿಗೊಂದು ಬಲದ್ದಕ್ಕೊಂದು ಬಗೆಯಾಗಿದ್ದರೆ ಸೂಜಿ ಗೆರೆ ಬಿಟ್ಟು ಜಿಗಿಯಬಹುದು. ಆದ್ದರಿಂದ ತಟ್ಟೆ ಕೊರೆಯುವಾಗ ಅದನ್ನು ನಡುವಿಗೆ ತರುತ್ತಾರೆ. ಸೂಜಿ ಒಳಸುತ್ತಿಗೆ ಹೋದಂತೆ ಎತ್ತರದ ಸ್ವರಗಳ ಹೊಳಪು ಕುಂದುತ್ತದೆ, ತಟ್ಟೆ ಸವೆದಷ್ಟೂ ಇನ್ನಷ್ಟು ಕುಂದುತ್ತದೆ. ಹೀಗೆ ನಿನ್ನೆ ನುಡಿಸಿದ್ದಕ್ಕೂ ಹಳೆಯ ಕಾಲದ ಮೈಬಣ್ಣ ಬರುತ್ತದೆ. ಚಟಪಟ ಸದ್ದನ್ನು ಗಮನಿಸಿ. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಮೇಲೆ ಅಡ್ಡ ಗೀರಿದ್ದರೆ ಅದು 1.8 ಸೆಕೆಂಡಿಗೊಮ್ಮೆ ಚಟ್ ಎನ್ನುತ್ತದೆ, ಹಾಡಿನ ಲಯದ ಹಂಗು ಅದಕ್ಕಿಲ್ಲ. ಸ್ಯಾಂಪ್ಲರ್ ಎಂಬ ಯಂತ್ರದಲ್ಲಿ ಕತ್ತರಿಸಿ ಸುತ್ತಿಸಿದ ತುಣುಕಿನಲ್ಲಾದರೆ ಆ ಚಟ್ ಪ್ರತಿ ಆವರ್ತಕ್ಕೂ ಸರಿಯಾಗಿ ಅದೇ ಜಾಗಕ್ಕೆ ಮರಳಿ ಬೀಳುತ್ತದೆ. ಸದ್ದೇ ತಾಳವಾಗುವ ಈ ಸೊಗಸು ನನಗಂತೂ ಎಷ್ಟು ಕೇಳಿದರೂ ಸಾಲದು.

ಜನ ಇದನ್ನು ಅರ್ಧಕ್ಕೇ ಬಿಡುವುದು ಮೊದಲ ಹಾಡು ‘ಕೌಬಾಯ್ಸ್’ನಿಂದಾಗಿ. ಅದರಲ್ಲಿ ತಂಡದ ಗಾಯಕಿ ಬೆತ್ ಗಿಬ್ಬನ್ಸ್ ದನಿಯನ್ನು ಬೇಕೆಂದೇ ಒಡೆಸಿದ್ದಾರೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಬಾಸ್ ಕಳೆದುಹೋಗಿ ಕರ್ಕಶವಷ್ಟೇ ಉಳಿಯುತ್ತದೆ. ಹೆಡ್‌ಫೋನ್ ಹಾಕಿ, ಈಕ್ವಲೈಸರ್, ಬಾಸ್ ಬೂಸ್ಟ್ ಎರಡನ್ನೂ ಆರಿಸಿ, ಮೂರನೆಯ ಹಾಡು ‘ಅನ್‌ಡಿನೈಡ್’ನಿಂದ ಶುರುಮಾಡಿ. ಮೆದುವಾದ ಎಲೆಕ್ಟ್ರಿಕ್ ಪಿಯಾನೊ, ಹಿಂದೆ ತಟ್ಟೆಯ ಸದ್ದು, ಮೇಲೆ ಒಂಟಿ ದನಿ. ಆಮೇಲೆ ‘ಆಲ್ ಮೈನ್’ನ ಬ್ರಾಸ್ ಕೇಳಿ. ಕಿವಿ ಹೊಂದಿಕೊಂಡ ಮೇಲೆ 11 ಹಾಡನ್ನೂ ಮೊದಲಿನಿಂದ, ಕ್ರಮ ಬದಲಿಸದೆ. ‘ಹಾಫ್ ಡೇ ಕ್ಲೋಸಿಂಗ್’ನ ಕೊನೆಗೆ ಗಿಬ್ಬನ್ಸ್ ದನಿ ಕರಗುತ್ತ ಚೀತ್ಕಾರವಾಗುವುದನ್ನು ತಪ್ಪಿಸಿಕೊಳ್ಳಬೇಡಿ.

ಮುಂದಿನ ಸಲ ಪುರವಣಿಯಲ್ಲಿ ‘ಡಮ್ಮಿ’ಗೆ ಜಾಗ ಕೊಟ್ಟಾಗ, ಪಕ್ಕದ ಅರ್ಧ ಕಾಲಂ ಇದಕ್ಕೆ ಮೀಸಲಿಡಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು